ಕಾಲರ್ ತುಂಡು

ಭಾನುವಾರ ಬೆಳಿಗ್ಗೆ ಏಳಕ್ಕೆಲ್ಲ
ಪಿಳ್ಳಪ್ಪನ ಟಿವಿಎಸ್ಸು ದಾಸರಹಳ್ಳಿಯ ನಮ್ಮ ಕ್ರಾಸಿಗೆ ಬರುತ್ತದೆ,
ಹಿಂದೆ ನೀಲಿ ಡ್ರಮ್ಮು, ಅದರ ಮೇಲೆ ಒದ್ದೆ ಗೋಣಿ.
ದೊಡ್ಡವನ್ನು ಹೋಟೆಲಿನವರು ಕತ್ತಲಲ್ಲೇ ಎತ್ತಿಕೊಂಡಿರುತ್ತಾರೆ.
ನಮಗೆ ಉಳಿಯುವುದು ಅಂಗೈಯಗಲದ ಜಿಲೇಬಿ,
ಕೆಜಿಗೆ ಎಂಟೋ ಒಂಬತ್ತೋ, ಮೈತುಂಬ ಮುಳ್ಳು.
ಹೆಸರಿಟ್ಟವನು ಯಾವ ಸೀಮೆಯ ತಮಾಷೆಗಾರನೋ.

ಎರಡು ವರ್ಷ ತಂದಿರಲಿಲ್ಲ.
ತೇಜುವಿನ ಗಂಟಲಲ್ಲಿ ಮುಳ್ಳು ಸಿಕ್ಕಿ,
ಬಾಳೆಹಣ್ಣು, ಅನ್ನದುಂಡೆ, ಬೆನ್ನಿಗೆ ಗುದ್ದು ಎಲ್ಲ ಮುಗಿದು
ರಾತ್ರಿ ಹನ್ನೊಂದಕ್ಕೆ ಆಟೋ, ಆಸ್ಪತ್ರೆ.
ಡಾಕ್ಟರು ಚಿಮಟದ ತುದಿಯಲ್ಲಿ ತೋರಿಸಿದರು:
ನನ್ನ ಮಿಷಿನ್ನಿನ ಸೂಜಿಗಿಂತ ಸಣ್ಣ ಒಂದೆಳೆ.

ಹದಿನಾಲ್ಕು ವರ್ಷ ಕಾಲರ್ ಹೊಲಿದ ಕೈ ಇದು,
ಒಂದು ಮೀನಿಗೆ ಸೋಲುವುದೆ?

ಜಾರದಂತೆ ಹಿಡಿಯಲು ಬೂದಿ ಬೇಕು; ಗ್ಯಾಸಿನ ಮನೆಯಲ್ಲಿ ಬೂದಿಯೆಲ್ಲಿ,
ಜರಡಿಯಲ್ಲುಳಿದ ರಾಗಿಹೊಟ್ಟು ಸಾಕು.
ಕಿವಿರಿನ ಹಿಂದೆ ಓರೆಯಾಗಿ ಒಂದು ಗೆರೆ.
ಬೆನ್ನುಮೂಳೆ ತಾಗುವವರೆಗೆ ಇಳಿ,
ಅಲ್ಲಿಂದ ಅಡ್ಡ ತಿರುಗಿ ಮೂಳೆ ಹೇಳಿದ ಕಡೆಗೇ ಹೋಗು.
ಟಿಕ್ ಟಿಕ್ ಟಿಕ್, ಅಲಗು ಪಕ್ಕೆಲುಬು ಎಣಿಸುತ್ತದೆ.
ಬಾಲದ ತುದಿ ಒತ್ತಿಹಿಡಿದು
ತಪ್ಪು ಹೊಲಿಗೆ ಬಿಚ್ಚುವ ಹಾಗೆ ಚರ್ಮ ಎಳೆ.
ಎರಡು ಮಗ್ಗುಲು, ಎರಡು ತುಂಡು,
ಕಾಲರಿನ ಎಡ, ಕಾಲರಿನ ಬಲ.

ಮೊದಲ ವಾರ ದಪ್ಪ ಮೀನಿನ ಲೆಕ್ಕದಲ್ಲೇ
ಹುಣಸೆ ಖಾರ ಮೆತ್ತಿ ಹತ್ತು ನಿಮಿಷ ಕರಿದೆ.
ಎದ್ದದ್ದು ಚಪ್ಪಲಿಯ ಅಟ್ಟೆ.
ಈಗ ಗೊತ್ತು: ಚಿಟಿಕೆ ಅರಿಸಿನ, ಉಪ್ಪು, ಬ್ಯಾಡಗಿ, ಒಂದು ಹನಿ ನಿಂಬೆ,
ಮೇಲೆ ಚಿರೋಟಿ ರವೆ, ಕೆಳಗೆ ದೋಸೆಯ ಕಬ್ಬಿಣದ ಕಾವಲಿ.
ಅಂಚು ಬೆಳ್ಳಗಾದರೆ ಮಗುಚು,
ಆ ಕಡೆ ಎರಡು ನಿಮಿಷ, ಈ ಕಡೆ ಒಂದೇ.
ನಡುವೆ ಫೋನೆತ್ತಿದೆಯೋ, ಮತ್ತೆ ಅಟ್ಟೆ.

ಝುನು ಅಂತ ಅವಳ ಹೆಸರು, ಕಟಕ್ ಕಡೆಯವಳು,
ನಮ್ಮ ಲೈನಿನಲ್ಲಿ ಎಲ್ಲರ ಬಾಯಲ್ಲೂ ಜುನ್ನು.
ಪಿ.ಜಿ.ಯಲ್ಲಿ ಒಲೆ ಹಚ್ಚಲು ಬಿಡುವುದಿಲ್ಲವೆಂದು
ಸಾಸಿವೆ ರುಬ್ಬಿದ ಡಬ್ಬಿ ಹಿಡಿದು ಬರುತ್ತಾಳೆ.
ಬೆಳ್ಳುಳ್ಳಿ, ಹಸಿಮೆಣಸು, ಕಣ್ಣುರಿಸುವ ಎಣ್ಣೆ,
ನನ್ನ ತುಂಡುಗಳನ್ನು ಬಾಳೆಲೆಯಲ್ಲಿ ಕಟ್ಟಿ
ಎಲೆ ಕರಕಲಾಗುವವರೆಗೆ ಸುಡುತ್ತಾಳೆ.
‘ಪತ್ರ ಪೋಡಾ ಅಕ್ಕಾ.’
‘ಯಾರ ಪತ್ರ ಸುಟ್ಟೆಯೇ ಹುಡುಗಿ?’
ಅರ್ಥವಾಗಲು ಒಂದು ವಾರ ಬೇಕಾಯಿತು ಅವಳಿಗೆ,
ಮಿಷಿನ್ನಿನ ಮುಂದೆ ಒಬ್ಬಳೇ ನಕ್ಕು ದಾರ ಹರಿದುಕೊಂಡಳು.

ತಲೆ, ಮೂಳೆ ಕವರಿಗೆ ಹಾಕುವುದನ್ನು ಕಂಡು
ಜಗಳಕ್ಕೇ ನಿಂತಳು: ‘ರುಚಿ ಬಿಸಾಕಿ ಏನು ತಿಂತೀರಿ?’
ಸರಿ, ಅವೂ ಸಾರಿಗೆ:
ಸುಟ್ಟ ಈರುಳ್ಳಿ, ಕೊತ್ತಂಬರಿ ಬೀಜ, ನಾಲ್ಕು ಕಾಳು ಮೆಂತ್ಯ,
ರಿಜೆಕ್ಟಾದ ಪಾಪ್ಲಿನ್ ತುಂಡಿನಲ್ಲಿ ಎರಡು ಸಲ ಸೋಸಿ
ತೇಜುವಿನ ಮುದ್ದೆಗೆ.

ಆದರೂ ಹುಡುಗ
ಮುಳ್ಳಿಲ್ಲದ ತುಂಡಿನಲ್ಲೂ ಮುಳ್ಳು ಹುಡುಕುತ್ತಾನೆ,
ಪ್ರತಿ ತುತ್ತಿಗೂ ನಿಂತು ನಾಲಿಗೆಯಲ್ಲಿ ತಡವುತ್ತಾನೆ.
ಎಷ್ಟು ಕತ್ತರಿಸಿದರೂ ಅದೊಂದನ್ನು ನನ್ನ ಚಾಕು ತೆಗೆಯಲಾರದು.
ಹೋದ ಭಾನುವಾರ ಜುನ್ನು ಅವನ ತಟ್ಟೆಗೆ
ಇಡೀ ಮೀನೊಂದನ್ನು ಹಾಕಿಬಿಟ್ಟಳು.
‘ಬಾಯಿಗೆ ಆಮೇಲೆ. ಮೊದಲು ಬೆರಳು. ಬೆರಳಿಗೆ ಕಣ್ಣಿದೆ.’
ಅವನು ಒಂದೊಂದೇ ಮುಳ್ಳು ಎಳೆದು ತಟ್ಟೆಯಂಚಿಗೆ ಸಾಲಾಗಿ ಇಟ್ಟ,
ಗುಂಡುಸೂಜಿ ಡಬ್ಬಿಯ ಲೆಕ್ಕ ಒಪ್ಪಿಸುವವನಂತೆ.
ಅರ್ಧ ಗಂಟೆ. ಸಾರು ಆರಿತು.
ನಾನು ಬಾಳೆಹಣ್ಣು ಸೆರಗಿನಡಿ ಹಿಡಿದೇ ಕೂತಿದ್ದೆ.

ಸೋಮವಾರ ಎಷ್ಟು ತೊಳೆದರೂ ಬೆರಳಲ್ಲಿ ವಾಸನೆ.
ಚೆಕಿಂಗ್ ಟೇಬಲ್ಲಿನ ಕಮಲಾಕ್ಷಿ
ನಾನು ಹೊಲಿದ ಕಾಲರ್ ಎತ್ತಿ ಮೂಸಿದಳು,
ನನ್ನನ್ನು ನೋಡಿದಳು, ಪಾಸ್ ಮಾಡಿದಳು.
ಸಂಜೆ ಗೇಟಿನ ಹತ್ತಿರ ಹಿಂದಿನಿಂದ ಬಂದು
ಮೆಲ್ಲಗೆ ಕೇಳಿದಳು:
ಪಿಳ್ಳಪ್ಪ ಎಷ್ಟಕ್ಕೆ ಕೊಟ್ಟ?