ಹತ್ತರ ಸಾಕೆಟ್ಟು

ಯಾವುದು ವಾಸಿ ಡ್ಯಾಗ್ನಿ, ಸಾಲೋ ವಿಯೋ?
ಬೀಟ್ ಗಡ್ಡೆ ಬೆಳೆಯುವವರು ಕೇಳುತ್ತಾರೆ
ಒಲೆಗೆ ಬೆನ್ನು ಕೊಟ್ಟು, ನನ್ನ ಕಾಫಿ ಕುಡಿಯುತ್ತ.
ಕೇಳುವವರಿಗೆ ಉತ್ತರ ಬೇಡ,
ಅವರವರ ಪಿಕಪ್ಪಿನ ಹೆಸರು ಹೇಳಿದರೆ ಸಾಕು.

ಹೊರಗೆ ಡಕೋಟಾದ ಜನವರಿ, ಸೊನ್ನೆಗಿಂತ ಇಪ್ಪತ್ತು ಕೆಳಗೆ.
ಗಾಡಿಗಳೆಲ್ಲ ಮೂತಿಯಿಂದ ವೈರು ಇಳಿಬಿಟ್ಟು
ಗೋಡೆಯ ಕರೆಂಟು ಹೀರುತ್ತ ನಿಂತಿವೆ,
ಕೆಚ್ಚಲಿಗೆ ಬಾಯಿ ಹಾಕಿದ ಕರುಗಳು.

ಸಾಲಿನದು ಸುಲಭ ಅನ್ನಲಾರೆ, ನೇರ ಅನ್ನಬಹುದು.
ಆರು ಸಿಲಿಂಡರು ಒಂದರ ಹಿಂದೊಂದು,
ಒಂದೇ ಹೆಡ್ಡು, ಒಂದೇ ಗ್ಯಾಸ್ಕೆಟ್ಟು,
ಆರರ ಎಳೆದಾಟ ತಮ್ಮತಮ್ಮಲ್ಲೇ ಚುಕ್ತಾ.
ಬಾನೆಟ್ಟು ಉದ್ದ. ಹಾಲಿನ ಕ್ರೇಟು ಹತ್ತಿ ನಿಂತರೆ
ಎರಡೂ ಮಗ್ಗುಲಿಂದ ಕೈ ಇಳಿಯುತ್ತದೆ.
ಜಾರಿದ ನಟ್ಟು ಟಿಣ್ಣನೆ ಸಿಮೆಂಟಿಗೆ ಬಿದ್ದು
ಇಲ್ಲಿದ್ದೇನೆ ಅನ್ನುತ್ತದೆ.

ವಿ ಬೇರೆ. ಗಿಡ್ಡ, ಅಗಲ ಭುಜ.
ನಾಲ್ಕು ಆಚೆ, ನಾಲ್ಕು ಈಚೆ,
ತೆರೆದಿಟ್ಟ ಪ್ರಾರ್ಥನೆಯ ಪುಸ್ತಕ.
ಆಚೆಯವನೊಬ್ಬ ಈಚೆಯವನೊಬ್ಬ
ಒಂದೇ ಪಿನ್ನಿಗೆ ಕಾಲೂರಿ ತುಳಿಯುತ್ತಾರೆ,
ಮುಖ ಮುಖ ನೋಡಿಕೊಳ್ಳದೆ.
ಖಾಲಿ ಹೆದ್ದಾರಿಯಲ್ಲಿ ಕಾಲೊತ್ತಿದರೆ ಅದರ ಓಟವೇ ಓಟ.
ಆದರೆ ಎಂಟನೆಯದು ಕ್ಯಾಬಿನಡಿಗೆ ಹುದುಗಿದೆ,
ದೊಡ್ಡ ಕೆಲಸ ಬಂದರೆ
ಮನೆಯ ಮಾಡು ಎತ್ತಿದ ಹಾಗೆ ಕ್ಯಾಬನ್ನೇ ಎತ್ತಬೇಕು.

ಮೊನ್ನೆ ಹಾಗೇ ಎತ್ತಿದೆ, ಲೋವೆಲ್ ಸ್ಟೆನ್ಸ್‌ಗಾರ್ಡನದು.
ಇಪ್ಪತ್ತೆರಡು ವರ್ಷದ ಗಾಡಿ, ಅಪ್ಪನ ಕಾಲದ ಗಿರಾಕಿ.
ಟರ್ಬೊ ತೆಗೆದೆ, ಇನ್‌ಟೇಕು ತೆಗೆದೆ.
ಎರಡು ಸಾಲಿನ ನಡುವಿನ ತಗ್ಗಿನಲ್ಲಿ
ಇಲಿಯ ಗೂಡು, ಗೋಧಿಯ ಹೊಟ್ಟು, ಎಣ್ಣೆಮಸಿ.
ಮತ್ತೆ, ಒಂದು ಹತ್ತರ ಸಾಕೆಟ್ಟು.
ಒರೆಸಿದೆ. ಅಂಚಿನಲ್ಲಿ ಅರದಿಂದ ಗೀರಿದ ಮೂರು ಗೆರೆ.
ಅಪ್ಪನ ಗುರುತು.

ಪೆಟ್ಟಿಗೆಯಲ್ಲಿ ಅದರ ಗುಳಿ ಇಂದಿಗೂ ಖಾಲಿ,
ಒಂಬತ್ತಕ್ಕೂ ಹನ್ನೊಂದಕ್ಕೂ ನಡುವೆ, ಬಿದ್ದ ಹಲ್ಲಿನ ಜಾಗ.
ಕ್ಲೀಟಸ್ ಕದ್ದ, ಅಂದಿದ್ದ ಅಪ್ಪ.
ಹದಿನೇಳರ ಹುಡುಗ. ಜೇಬುಗಳನ್ನು
ಒಂದೊಂದಾಗಿ ಹೊರಗೆಳೆದು ತೋರಿಸಿದ;
ನಾಯಿಮರಿಯ ಕಿವಿಯ ಹಾಗೆ ಜೋತುಬಿದ್ದವು.
ನಾನು ಅಲ್ಲೇ ಇದ್ದೆ, ಫಿಲ್ಟರಿನ ರಟ್ಟಿನ ಡಬ್ಬ ಬಿಚ್ಚುತ್ತ.
ಹಿಂದಿನ ದಿನ ಈ ಗಾಡಿಯ ಮೇಲೆ ಬಗ್ಗಿದ್ದವಳೂ ನಾನೇ.
ಏನೋ ಜಾರಿತ್ತು. ಸದ್ದು ಕೇಳಲಿಲ್ಲ.
ಸದ್ದು ಕೇಳಲಿಲ್ಲವಾಗಿ
ಬೀಳಲೇ ಇಲ್ಲ ಅಂದುಕೊಂಡೆ.

ಅವನು ಪಶ್ಚಿಮಕ್ಕೆ, ಎಣ್ಣೆಬಾವಿಗಳ ಕಡೆಗೆ ಹೋದ. ತಿರುಗಿ ಬಂದ.
ಈಗ ದನ ಸಾಗಿಸುತ್ತಾನೆ, ಸಾಲು ಆರರ ಗಾಡಿ.
ಆಯಿಲು ಬದಲಿಸಲು ನನ್ನ ಬಾಗಿಲು ದಾಟಿ
ಮೂವತ್ತೆರಡು ಮೈಲಿ ಮುಂದೆ ಹೋಗುತ್ತಾನೆ.
ತಲೆ ಎತ್ತದೆಯೇ ನನಗೆ ಗೊತ್ತಾಗುತ್ತದೆ.
ಒಂದು, ಐದು, ಮೂರು, ಆರು, ಎರಡು, ನಾಲ್ಕು:
ಉರಿಯುವ ಸರದಿ ಅದೇ, ಎಷ್ಟು ದೂರ ಓಡಿದರೂ.

ಅಪ್ಪ ಹೋಗಿ ಹನ್ನೊಂದು ವರ್ಷ.
ನೆಲ ನಾಲ್ಕಡಿ ಹೆಪ್ಪುಗಟ್ಟಿದೆ, ಅವನಿಗೆ ಹೇಳುವಂತಿಲ್ಲ.
ಲೋವೆಲ್‌ಗೆ ಬಿಲ್ಲು ಬರೆದೆ. ಸಾಕೆಟ್ಟಿನ ಮಾತು ಬರೆಯಲಿಲ್ಲ.

ಯಾವುದು ವಾಸಿ, ಇವತ್ತೂ ಕೇಳಿದರು.
ಕ್ಯಾಬು ಮೇಲೆ ಲಿಫ್ಟಿನಲ್ಲಿ ತೂಗುತ್ತಿತ್ತು,
ನನ್ನ ಕೈ ಕೋಟಿನ ಜೇಬಿನಲ್ಲಿತ್ತು.
ಬಿದ್ದರೆ ಸದ್ದು ಮಾಡುವುದು, ಅಂದೆ.
ನಕ್ಕರು. ಒಬ್ಬ ಇನ್ನಷ್ಟು ಕಾಫಿ ಬಗ್ಗಿಸಿಕೊಂಡ.

ಆಗ ರಸ್ತೆಯ ಕಡೆಯಿಂದ ಒಂದು, ಐದು, ಮೂರು.
ಕೈಗವಸು ಮರೆತು ಹೊರಗೋಡಿದೆ,
ಅಂಚೆಡಬ್ಬದ ಪಕ್ಕ ನಿಂತು ಬರಿಗೈ ಎತ್ತಿದೆ.
ಗಾಡಿ ನಿಧಾನಿಸಿತೋ, ಗಾಳಿ ತಿರುಗಿತೋ.
ಈ ಚಳಿಗೆ ಕಬ್ಬಿಣ ತೊಗಲಿಗೆ ಅಂಟುತ್ತದೆ;
ಅಂಟತೊಡಗಿತು.
ಕೈ ಇಳಿಸಲಿಲ್ಲ.