ನೆತ್ತಿ ತೆರೆದಿದೆ

ಎಣ್ಣೆ ಒರೆಸಿಕೊಂಡು ಬನ್ನಿ ಎಂದರೆ
ಒರೆಸಿದ್ದಾರೆ, ಸೆರಗಿನ ತುದಿಯಲ್ಲಿ, ಅರ್ಧ.
ಹರಳೆಣ್ಣೆಯ ವಾಸನೆ ಹಾಗೇ ಉಳಿದಿದೆ
ಐವತ್ತು ದಿನದ ತಲೆಯ ಮೇಲೆ.

ಚೀಟಿಯಲ್ಲಿ ಹೆಸರಿಲ್ಲ.
'ಬೇಬಿ ಆಫ್ ನಾಗವೇಣಿ, ಗಂಡು, ಶಿಡ್ಲಘಟ್ಟ.'
ಹೆಸರಿಕ್ಕೋದು ಆಮೇಲೆ, ಎಂದಳು ಅಜ್ಜಿ ಪಿಳ್ಳಮ್ಮ.
ಯಾವುದರ ಆಮೇಲೆ ಎಂದು ನಾನು ಕೇಳಲಿಲ್ಲ.

ಜೆಲ್ ತಣ್ಣಗಿರುತ್ತದೆ. ಬಾಟಲಿಯನ್ನು
ಕಂಕುಳಲ್ಲಿ ಅವುಚಿಕೊಂಡು ಬೆಚ್ಚಗೆ ಮಾಡುತ್ತೇನೆ.
ಇದನ್ನು ಯಾವ ಕೋರ್ಸಿನಲ್ಲೂ ಹೇಳಿಕೊಡಲಿಲ್ಲ.

ನೆತ್ತಿ ಇನ್ನೂ ಕೂಡಿಲ್ಲ.
ಮೂಳೆ ಮುಚ್ಚಲು ಮರೆತ ಈ ಪುಟ್ಟ ಕಿಂಡಿಯಲ್ಲಿ
ಇಣುಕುವುದು ನನ್ನ ಕೆಲಸ.
ಯಾರಿಗೂ ಕೇಳದ ಸದ್ದೊಂದು ಒಳಗೆ ಹೋಗುತ್ತದೆ,
ಹೋಗಿ ಬರುತ್ತದೆ
ಮೈಗೆಲ್ಲ ಬೂದಿ ಮೆತ್ತಿಕೊಂಡು.

ಮಡಿಕೆ, ಮಡಿಕೆ, ನೀರಿನ ಎರಡು ಕೊಳ.
ನಡುವೆ ಕಮಾನಿನ ಹಾಗೆ ತೆಳು ಪಟ್ಟಿ ಇರಬೇಕು,
ಎಡಗಡೆಯ ಮಾತು ಬಲಗಡೆಗೆ ದಾಟಿಸುವ
ಕೋಟಿಗಟ್ಟಲೆ ಎಳೆ.
ಪ್ರೋಬ್ ವಾಲಿಸಿದೆ. ಇನ್ನೊಂದು ಸಲ ವಾಲಿಸಿದೆ.
ಕೊಳಗಳು ದೂರ ಸರಿದು ನಿಂತಿವೆ
ಮಾತು ಬಿಟ್ಟ ಅಣ್ಣತಮ್ಮಂದಿರ ಹಾಗೆ.
ಪಟ್ಟಿ ಇಲ್ಲ.

ಹೇಳುವ ಹಕ್ಕು ನನಗಿಲ್ಲ. ಡಾಕ್ಟರು ನೋಡಬೇಕು,
ಎಂಆರ್‌ಐಗೆ ಬರೆಯಬೇಕು. ಅಲ್ಲಿ ಹಾಲು ಕುಡಿಸಿ,
ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ, ನಿದ್ದೆಗೆ ಕಾಯಬೇಕು.
ನಾಗವೇಣಿ ಪರದೆ ನೋಡುತ್ತಲೇ ಇರಲಿಲ್ಲ.
ನನ್ನ ಮುಖ ನೋಡುತ್ತಿದ್ದಳು.

ಅವಳ ಬೆರಳ ತುದಿ ಬೆಳ್ಳಗೆ ಸುಲಿದಿದೆ,
ಕುದಿನೀರಲ್ಲಿ ರೇಷ್ಮೆಗೂಡಿನ ಕೊನೆ ಹುಡುಕಿ ಹುಡುಕಿ.
'ಎಳೆ ಏನಾದ್ರೂ ಕಿತ್ತೋಗದಾ ಅಕ್ಕಾ?
ಕಿತ್ತೋಗಿದ್ರೆ ಸೇರಿಸ್ಬೋದು.
ದಿನಕ್ಕೆ ನೂರು ಕಿತ ಸೇರಿಸ್ತೀವಿ ನಾವು.'

ಎಳೆಯ ವಿಷಯ ನಾನು ಎತ್ತಿಯೇ ಇರಲಿಲ್ಲ.

ಹೋದ ವರ್ಷ ಒಬ್ಬರು ಮೇಷ್ಟ್ರು, ಬಾಗೇಪಲ್ಲಿ ಕಡೆಯವರು,
ತಲೆನೋವೆಂದು ಬಂದಿದ್ದರು.
ಈ ಪಟ್ಟಿ ಇಲ್ಲದೆಯೇ ಮೂವತ್ತು ವರ್ಷ
ಮಕ್ಕಳಿಂದ ಮಗ್ಗಿ ಹೇಳಿಸಿದವರು.
ಅದೇ ತಿಂಗಳು ನಾಲ್ಕು ತುಂಬಿದ ಹುಡುಗಿಯೊಬ್ಬಳು;
ಕತ್ತು ನಿಂತಿರಲಿಲ್ಲ.
ಚಿತ್ರ ಎರಡೂ ಒಂದೇ ಥರ ಇದ್ದವು.
ಪಕ್ಕಪಕ್ಕ ಇಟ್ಟು ತುಂಬಾ ಹೊತ್ತು ನೋಡಿದ್ದೆ.

'ಡಾಕ್ಟ್ರು ಹೇಳ್ತಾರೆ' ಎಂದೆ.
ಅಷ್ಟು ಹೇಳಲು ಎರಡು ಸಲ ಗಂಟಲು ಸರಿಮಾಡಿಕೊಂಡೆ.

ಪಿಳ್ಳಮ್ಮ ಜೆಲ್ ಒರೆಸಲು ಕೊಟ್ಟ ಟಿಶ್ಯೂ ಮಡಿಸಿ
ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅಂಗೈಯಲ್ಲೇ ಬಳಿದು
ಹಾಗೇ ಇಟ್ಟುಕೊಂಡಳು ಕೈಯನ್ನು, ನೆತ್ತಿಯ ಮೇಲೆ.
'ಬಡ್ಕೊಂತಾ ಐತೆ' ಎಂದಳು,
ಬೇರೆ ಯಾರಿಗೂ ಅಲ್ಲ, ಕೈಗೆ.
ಮಗು ಆಕಳಿಸಿತು, ಇಡೀ ಮುಖ ಬಾಯಿಯಾಗಿ.

ನನಗೆ ಬಿಟ್ಟ ಕಾಲಂನಲ್ಲಿ ಬರೆದೆ:
ನೆತ್ತಿ ತೆರೆದಿದೆ, ಮೆತ್ತಗಿದೆ.
ಉಳಿದ ಕಾಲಂ ಡಾಕ್ಟರದು.