ಅಪ್ಪನ ಹೆಸರಿನ ಜಾಗ

ನಮ್ಮ ಗೊಜ್ಜಾಮಿನಲ್ಲಿ ಮನೆತನದ ಹೆಸರಿಲ್ಲ.
ನಿನ್ನ ಹೆಸರು, ಅದರ ಬೆನ್ನಿಗೆ ಅಪ್ಪನ ಹೆಸರು,
ಅಷ್ಟೇ ವಿಳಾಸ.
ನನ್ನದು ಯಿಹುನೆ. ಅಂದರೆ, ಆಗಲಿ ಬಿಡು.
ಹೆತ್ತ ರಾತ್ರಿ ಅವ್ವ ನನಗೆ ಹಾಗಂದಳೋ
ತನಗೇ ಅಂದುಕೊಂಡಳೋ, ಕೇಳಲಿಲ್ಲ.
ಬೆನ್ನಿಗೆ ಯಾರೂ ಇರಲಿಲ್ಲ.

ಶಾಲೆಗೆ ಸೇರಿಸುವ ದಿನ
ಮೇಷ್ಟ್ರು ಪೆನ್ನೆತ್ತಿ ಕಾದರು.
ಅವ್ವ ಹೊದಿಕೆಯ ಅಂಚು ಬಾಯಿಗಿಟ್ಟು
ಕಿಟಕಿಯಾಚೆಯ ಕತ್ತೆಗಳನ್ನು ನೋಡಿದಳು.
ಸಾಲಿನಲ್ಲಿದ್ದ ಹುಡುಗರು ನಕ್ಕರು,
ಅವರಲ್ಲೊಬ್ಬನ ಮೂಗು ಥೇಟ್ ನನ್ನದೇ.
ಕೊನೆಗೆ ಅಂದಳು, "ತಲೆಗೆ ನೀರು ಹಾಕಿದಾಗ
ಇಟ್ಟ ಹೆಸರಿದೆಯಲ್ಲ, ಅದನ್ನೇ ಬರಕೊಳ್ಳಿ."
ವೊಲ್ದೆ ಆಬ್. ತಂದೆಯ ಮಗ.
ಯಾವ ತಂದೆ ಅಂತ ಮೇಷ್ಟ್ರು ಕೇಳಲಿಲ್ಲ.
ನಾನು ಕೇಳಿದೆ, ದಾರಿಯುದ್ದ.
ಅವಳು ಗದ್ದ ಎತ್ತಿ
ಗುಡ್ಡದ ಮೇಲಿನ ಕಾಡು ತೋರಿಸಿದಳು.

ಸುತ್ತೆಲ್ಲ ಉತ್ತು ಉತ್ತು ಬೋಳಾದ ನೆಲ,
ನೆತ್ತಿಯ ಮೇಲುಳಿದ ಜುಟ್ಟಿನ ಹಾಗೆ ಅದೊಂದೇ ಕಾಡು.
ಒಳಗೆ ದುಂಡಗಿನ ಇಗರ್ಜಿ.
ಅಲ್ಲಿ ಒಣಗಿ ಬಿದ್ದ ಕಡ್ಡಿಯನ್ನೂ
ಯಾರೂ ಒಲೆಗೆ ಒಯ್ಯುವುದಿಲ್ಲ.
ಅವ್ವ ಹೊರಗೋಡೆ ದಾಟಿದವಳಲ್ಲ.
ಕಂಬಕ್ಕೆ ಮುತ್ತಿಟ್ಟು, ಹಣೆಯೊತ್ತಿ,
ಮರದಡಿ ನಿಂತೇ ಇರುವಳು,
ಒಳಗಿನ ಆರಾಧನೆ ಮುಗಿದು ನಗಾರಿ ನಿಲ್ಲುವ ತನಕ.
"ನನ್ನಂಥವಳಿಗೆ ಇಷ್ಟು ಸಾಕು."

ಅಪ್ಪನ ಮನೆಯಾದರೆ ನಾವ್ಯಾಕೆ ಆಚೆ?
ಎಂಟು ವರ್ಷದವನ ಲೆಕ್ಕ ಸರಳ.
ಒಂದು ಮಂಗಳವಾರ ಮಧ್ಯಾಹ್ನ
ಹಿಂದಿನ ಗೋಡೆ ಹಾರಿದೆ,
ಕೆಸರಿನ ಪ್ಲಾಸ್ಟಿಕ್ ಚಪ್ಪಲಿಯಲ್ಲೇ ಒಳನುಗ್ಗಿದೆ.
ಕತ್ತಲು. ಬಾವಲಿ, ಧೂಪ, ನೆನೆದ ಬಿದಿರಿನ ವಾಸನೆ.
ಗೋಡೆ ತುಂಬ ಅಗಲಗಣ್ಣಿನ ಸಂತರು,
ಮಾಡಲು ಬೇರೆ ಕೆಲಸವಿಲ್ಲದವರಂತೆ ನನ್ನನ್ನೇ ನೋಡುವವರು.
ಪರದೆಯ ಮುಂದೆ ನಿಂತೆ. ಸರಿಸಲು ಕೈ ಬರಲಿಲ್ಲ.
"ಅಬಾತೇ!" ಅಂದೆ. ಅಪ್ಪಾ.
ಯಾರೂ ಬರಲಿಲ್ಲ.
ಆದರೆ ಮೊಳೆಗೆ ತೂಗುಬಿಟ್ಟ ಆ ದೊಡ್ಡ ನಗಾರಿ,
ಯಾರ ಕೈಯೂ ತಾಗದ ಅದರ ಚರ್ಮ,
ನನ್ನ ಕೂಗಿಗೆ ಸಣ್ಣಗೆ
ಗುಂಯ್ ಎಂದಿತು.
ನಿಂತಲ್ಲೇ ಉಚ್ಚೆ ಹೊಯ್ದುಕೊಂಡೆ.

ಅಬ್ಬಾ ಫೆಂತಾ ಬಂದರು, ಉದ್ದ ಕೋಲು ಊರುತ್ತ.
ಹೊಡೆತಕ್ಕೆ ಬೆನ್ನು ಕೊಟ್ಟು ಕಾದೆ.
ಅವರು ಕೋಲನ್ನು ಸಂತನೊಬ್ಬನ ಕಾಲಿಗೊರಗಿಸಿ
ಮುದಿ ಮಂಡಿಯೂರಿ ಕೂತು
ಹೆಗಲ ಬಿಳಿ ಶಾಲಿನಿಂದ ನೆಲ ಒರೆಸಿದರು.
ಆಮೇಲೆ ನನ್ನ ಚಪ್ಪಲಿ ಕಳಚಿದರು,
ಒಂದು, ಇನ್ನೊಂದು.
"ಗೋಡೆ ಹಾರುವವನು ಕಳ್ಳ.
ಮಗ ಬಾಗಿಲಿಂದ ಬರುತ್ತಾನಪ್ಪ, ಬರಿಗಾಲಲ್ಲಿ.
ಸ್ವಂತ ಮನೆಯ ನೆಲ ಕಾಲಿಗೆ ಗೊತ್ತಾಗಬೇಡವೇ?"
ಅವ್ವನಿಗೆ ಅವರು ಹೇಳಲಿಲ್ಲ.
ಮುಂದಿನ ಭಾನುವಾರ ಮಾತ್ರ ಶಾಲಿಲ್ಲದೆ,
ಬೆಳಗಿನ ಚಳಿಗೆ ದನಿ ನಡುಗಿಸುತ್ತ
ಓದಿದರು.

ಬಾಹಿರ್ ದಾರಿನಿಂದ ಬಸ್ಸು ಹಿಡಿದು ಬಂದಿದ್ದೇನೆ, ಮಗಳ ಜೊತೆ.
ಅವಳ ನೋಟ್‌ಬುಕ್ಕಿನ ಮೇಲೆ ತಿರ್ಸಿತ್ ಯಿಹುನೆ.
ಅವಳ ಬೆನ್ನಿಗೆ ನಾನಿದ್ದೇನೆ, ಇರುವಷ್ಟು ದಿನ.
ಅವ್ವ ಈಗ ಗೋಡೆಯ ಒಳಗಿದ್ದಾಳೆ;
ಕೊನೆಗೂ ದಾಟಿಸಿದ್ದು ನಾಲ್ವರ ಹೆಗಲು,
ಅವಳ ಮಾತು ಕೇಳದೆ.
ಗೇಟಿನ ಕಂಬ ಹಾಗೇ ಇದೆ.
ತುಟಿ, ಹಣೆ, ಕೂದಲಿಗೆ ಸವರಿದ ಬೆಣ್ಣೆ
ತಾಗಿ ತಾಗಿ ಕಪ್ಪಾಗಿ ನುಣುಪಾದ ಮರ,
ನನ್ನ ಎದೆಯೆತ್ತರಕ್ಕೆ ಒಂದು ತಗ್ಗು.
ಅವ್ವ ಕುಳ್ಳಿ.
ಅವಳದೇ ಅನ್ನಲಾರೆ, ಊರಲ್ಲಿ ಕುಳ್ಳಿಯರು ಬಹಳ.

"ಇದು ಯಾರ ಮನೆ?" ಮಗಳು ಕೇಳುತ್ತಾಳೆ.
"ಮೊದಲು ಚಪ್ಪಲಿ ಬಿಡು."
ಬಗ್ಗಿ ಆ ತಗ್ಗಿಗೆ ತುಟಿಯಿಡುತ್ತೇನೆ.
ಹಳೆ ಬೆಣ್ಣೆಯ ಕಮಟು.
ಒಳಗೆ ಯಾರೋ
ನಗಾರಿಯನ್ನು ಮೊಳೆಯಿಂದಿಳಿಸುವ ಸದ್ದು.